ಗೋದಾಮು ಖಾಲಿ, ಹೊರೆ ಯಾರ ಮೇಲೆ? ‘ಜಸ್ಟ್ ಇನ್ ಟೈಮ್’ ಸುತ್ತಲಿನ ಗೊಂದಲ

2025ರ ಅಕ್ಟೋಬರ್ ಕೊನೆಯ ವಾರ ಮೆಕ್ಸಿಕೊದ ಸೆಲಾಯಾದಲ್ಲಿರುವ ಹೋಂಡಾ ಕಾರ್ಖಾನೆಯಲ್ಲಿ ಕಾರು ತಯಾರಿಕೆ ನಿಂತಿತು. ಅಮೆರಿಕ ಮತ್ತು ಕೆನಡಾದಲ್ಲಿ ಹೋಂಡಾ ಉತ್ಪಾದನೆ ತಗ್ಗಿಸಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ತನಗೂ ಇದೇ ಗತಿ ಬರಬಹುದು ಎಂದು ಮೊದಲೇ ಹೇಳಿಟ್ಟಿತು. ಕೊರತೆ ಬಿದ್ದದ್ದು ಡಯೋಡ್, ಟ್ರಾನ್ಸಿಸ್ಟರ್‌ನಂಥ ತೀರಾ ಸಾಮಾನ್ಯ ಚಿಪ್‌ಗಳಿಗೆ. ಒಂದರ ಬೆಲೆ ಕೆಲವೇ ರೂಪಾಯಿ, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಹತ್ತಾರು ಲಕ್ಷದ ಕಾರು ಮಾಡುವವರು ಇಷ್ಟು ಅಗ್ಗದ ವಸ್ತುವನ್ನು ಆರು ತಿಂಗಳಿಗಾಗುವಷ್ಟು ಕೊಂಡು ಒಂದು ಮೂಲೆಯಲ್ಲಿ ಇಟ್ಟುಕೊಳ್ಳಬಾರದಿತ್ತೇ ಎಂದು ಓದುಗರಿಗೆ ಅನಿಸಿದ್ದರೆ ಅದು ಸಹಜ.

ಈ ಪ್ರಶ್ನೆಗೆ ಸುದ್ದಿಗಳು ಕೊಟ್ಟ ಸಿದ್ಧ ಉತ್ತರ ‘ಜಸ್ಟ್ ಇನ್ ಟೈಮ್’. ಬೇಕಾದ ಬಿಡಿಭಾಗ ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಲಿ, ಗೋದಾಮಿನಲ್ಲಿ ಏನೂ ಕೂಡಿಡುವುದು ಬೇಡ ಎನ್ನುವ ಉತ್ಪಾದನಾ ಪದ್ಧತಿ ಇದು. ಕೋವಿಡ್ ಕಾಲದಿಂದ ಪ್ರತಿ ಬಿಕ್ಕಟ್ಟಿನಲ್ಲೂ ‘ಈ ಪದ್ಧತಿಯ ಕಾಲ ಮುಗಿಯಿತು’ ಎಂಬ ಮಾತು ಕೇಳಿಬರುತ್ತಿದೆ. ಆದರೆ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಸಣ್ಣ ಉದ್ದಿಮೆಗಳಿಗಾಗಿ ‘ಲೀನ್’ ಯೋಜನೆಯನ್ನು ಹೊಸ ರೂಪದಲ್ಲಿ ತಂದು, ಇದೇ ಪದ್ಧತಿ ಕಲಿಸುವ ಸಲಹೆಗಾರರ ಶುಲ್ಕದಲ್ಲಿ ಶೇ 90ರಷ್ಟನ್ನು ತಾನೇ ಕೊಡುವುದಾಗಿ ಹೇಳಿದೆ. ಜಗತ್ತು ಕೈಬಿಡುತ್ತಿದೆ ಎನ್ನಲಾದ ವಿದ್ಯೆಯನ್ನು ನಮ್ಮ ಸರ್ಕಾರ ಹಣ ಕೊಟ್ಟು ಕಲಿಸುತ್ತಿರುವುದೇಕೆ? ಇದಕ್ಕೆ ಉತ್ತರ ಬೇಕಿದ್ದರೆ ಈ ಪದ್ಧತಿ ಹುಟ್ಟಿದ್ದು ಏಕೆ, ನಕಲಾದಾಗ ಅದರಲ್ಲಿ ಏನು ಉಳಿಯಿತು, ಏನು ಉದುರಿಹೋಯಿತು ಎಂಬುದನ್ನು ನೋಡಬೇಕು.

ಅಗ್ಗದ ಚಿಪ್, ಉದ್ದದ ದಾರಿ

ಮೊದಲು ಅಕ್ಟೋಬರ್‌ನಲ್ಲಿ ಆದದ್ದೇನು ಎಂಬುದು. ನೆಕ್ಸ್‌ಪೀರಿಯಾ ಎಂಬ ಚಿಪ್ ಕಂಪನಿಯ ಕೇಂದ್ರ ಕಚೇರಿ ನೆದರ್ಲೆಂಡ್ಸ್‌ನಲ್ಲಿದೆ, ಮಾಲೀಕತ್ವ ಚೀನಾದ ವಿಂಗ್‌ಟೆಕ್‌ನದು. ಚಿಪ್‌ನ ಮೂಲ ಬಿಲ್ಲೆಗಳು ಜರ್ಮನಿಯ ಹ್ಯಾಂಬರ್ಗ್, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ತಯಾರಾಗುತ್ತವೆ. ಅವನ್ನು ಕತ್ತರಿಸಿ, ಕವಚ ಹಾಕಿ, ಪರೀಕ್ಷಿಸುವ ಕೆಲಸದಲ್ಲಿ ಸುಮಾರು ಶೇ 70ರಷ್ಟು ನಡೆಯುವುದು ಚೀನಾದ ಡಾಂಗ್‌ಗುವಾನ್‌ನಲ್ಲಿ. ಸೆಪ್ಟೆಂಬರ್ 30ರಂದು ಡಚ್ ಸರ್ಕಾರ 1952ರ ಹಳೆಯ ಕಾಯ್ದೆಯೊಂದನ್ನು ಹೊರತೆಗೆದು ಕಂಪನಿಯ ನಿರ್ಧಾರಗಳ ಮೇಲೆ ಹಿಡಿತ ಸಾಧಿಸಿತು. ಅಕ್ಟೋಬರ್ 4ರಂದು ಚೀನಾ ಅಲ್ಲಿಂದ ಚಿಪ್ ರಫ್ತಾಗದಂತೆ ತಡೆಯಿತು. ಮುಂದೆ ನವೆಂಬರ್ 19ರಂದು ಡಚ್ ಸರ್ಕಾರ ತನ್ನ ಆದೇಶವನ್ನು ಅಮಾನತಿನಲ್ಲಿಟ್ಟಿತು. ನಡುವಿನ ವಾರಗಳಲ್ಲಿ ಮೂರು ಖಂಡಗಳ ಕಾರ್ಖಾನೆಗಳು ತಮ್ಮಲ್ಲಿ ಎಷ್ಟು ಚಿಪ್ ಉಳಿದಿದೆ ಎಂದು ಎಣಿಸುತ್ತ ಕೂತವು.

ಬೇರೆ ಕಂಪನಿಯ ಡಯೋಡ್ ಹಾಕಿಕೊಳ್ಳಬಹುದಲ್ಲ? ಹಾಕಿಕೊಳ್ಳಬಹುದು, ಆದರೆ ತಕ್ಷಣ ಆಗದು. ವಾಹನದಲ್ಲಿ ಬಳಸುವ ಚಿಪ್ ಬಿಸಿಲು, ಚಳಿ, ಅದುರಾಟ ತಡೆದುಕೊಂಡು ವರ್ಷಗಟ್ಟಲೆ ನಡೆಯಬೇಕು. ಬದಲಿ ಚಿಪ್ ಹಾಕಿದರೆ ಅದು ಕೂತಿರುವ ಇಡೀ ಸರ್ಕೀಟನ್ನು ಮತ್ತೆ ಪರೀಕ್ಷಿಸಿ ಒಪ್ಪಿಗೆ ಪಡೆಯಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಇನ್ನೊಂದು ತೊಡಕೂ ಇದೆ. ಕಾರು ಕಂಪನಿ ಈ ಚಿಪ್ಪನ್ನು ನೇರವಾಗಿ ಕೊಳ್ಳುವುದೇ ಇಲ್ಲ. ಕಿಟಕಿ ಮೋಟರಿನ ನಿಯಂತ್ರಕ ಮಾಡುವವನು ತನ್ನ ಸರ್ಕೀಟ್ ಬೋರ್ಡ್ ಪೂರೈಕೆದಾರನಿಂದ, ಅವನು ವಿತರಕನಿಂದ ಕೊಳ್ಳುತ್ತಾನೆ. ಯಾವ ಬಿಡಿಭಾಗದೊಳಗೆ ನೆಕ್ಸ್‌ಪೀರಿಯಾ ಚಿಪ್ ಇದೆ ಎಂಬುದೇ ಕಾರು ಕಂಪನಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ ವಸ್ತುವನ್ನು ಕೂಡಿಡುವುದು ಹೇಗೆ?

ಅಂದರೆ ಇಲ್ಲಿ ಎರಡು ಬೇರೆ ಬೇರೆ ದೌರ್ಬಲ್ಯಗಳು ಒಟ್ಟಿಗೆ ಸೇರಿಕೊಂಡಿವೆ. ಒಂದು, ದಾಸ್ತಾನು ಕಡಿಮೆ ಇದ್ದದ್ದು. ಇನ್ನೊಂದು, ಒಂದೇ ಊರಿನ ಒಂದೇ ಘಟಕದ ಮೇಲಿನ ಅವಲಂಬನೆ. ಚರ್ಚೆಯಲ್ಲಿ ಎರಡನ್ನೂ ‘ಜಸ್ಟ್ ಇನ್ ಟೈಮ್’ ಖಾತೆಗೇ ಬರೆಯಲಾಗುತ್ತಿದೆ.

ಕೈಯಲ್ಲಿ ಕಾಸಿಲ್ಲದ ಕಂಪನಿಯ ಉಪಾಯ

ಈ ಪದ್ಧತಿಯ ತವರು ಟೊಯೋಟಾ. ಕಂಪನಿಯ ಸ್ಥಾಪಕ ಕಿಇಚಿರೊ ಟೊಯೋಡಾ 1938ರಲ್ಲಿ ಕೊರೊಮೊ ಎಂಬಲ್ಲಿ ಹೊಸ ಕಾರ್ಖಾನೆ ತೆರೆದಾಗಲೇ ‘ಜಸ್ಟ್ ಇನ್ ಟೈಮ್’ ಎಂಬ ಮಾತು ಬಳಸಿದ್ದರು. ಯುದ್ಧದಿಂದಾಗಿ ಅದು ಮಾತಾಗಿಯೇ ಉಳಿಯಿತು. ಯುದ್ಧ ಮುಗಿದ ಮೇಲೆ ಜಪಾನಿನ ಕಾರು ಮಾರುಕಟ್ಟೆ ಪುಟ್ಟದು, ಬೇಕಾದ ಮಾದರಿಗಳೋ ಹಲವು, ಬ್ಯಾಂಕ್ ಸಾಲ ದುಬಾರಿ. 1950ರಲ್ಲಿ ಮಾರಾಟವಾಗದ ವಾಹನಗಳು ಗುಡ್ಡೆ ಬಿದ್ದು ಟೊಯೋಟಾ ದಿವಾಳಿಯ ಅಂಚಿಗೆ ಬಂತು. ಸಾವಿರಾರು ನೌಕರರನ್ನು ಕೈಬಿಡಬೇಕಾಯಿತು, ಮುಷ್ಕರ ನಡೆಯಿತು, ಕಿಇಚಿರೊ ರಾಜೀನಾಮೆ ಕೊಟ್ಟರು. ಕೊರಿಯಾ ಯುದ್ಧಕ್ಕಾಗಿ ಅಮೆರಿಕ ಸೇನೆ ಕೊಟ್ಟ ಟ್ರಕ್ ಆರ್ಡರುಗಳು ಕಂಪನಿಯನ್ನು ಉಳಿಸಿದವು.

ಆ ಹೊತ್ತಿಗೆ ಯಂತ್ರ ವಿಭಾಗ ನೋಡಿಕೊಳ್ಳುತ್ತಿದ್ದ ತಾಯ್‌ಇಚಿ ಓನೊ ಎದುರಿಗಿದ್ದ ತಾಪತ್ರಯವೇ ಬೇರೆ. ತಿಂಗಳ ಮೊದಲರ್ಧ ಬಿಡಿಭಾಗಗಳಿಗಾಗಿ ಕಾಯುವುದು, ಕೊನೆಯ ದಿನಗಳಲ್ಲಿ ಎದ್ದುಬಿದ್ದು ವಾಹನ ಜೋಡಿಸುವುದು. ಅಮೆರಿಕದವರಂತೆ ಒಂದೇ ಮಾದರಿಯನ್ನು ಲಕ್ಷಗಟ್ಟಲೆ ಮಾಡಿ ವೆಚ್ಚ ಇಳಿಸಲು ಇವರ ಬಳಿ ಮಾರುಕಟ್ಟೆಯೂ ಇರಲಿಲ್ಲ, ಬಂಡವಾಳವೂ ಇರಲಿಲ್ಲ. ಓನೊ ಪ್ರಶ್ನೆಯನ್ನೇ ತಿರುವಿಹಾಕಿದರು. ಹಿಂದಿನ ವಿಭಾಗ ತನ್ನ ಪಾಡಿಗೆ ಮಾಡಿ ಮುಂದಕ್ಕೆ ತಳ್ಳುವ ಬದಲು, ಮುಂದಿನ ವಿಭಾಗ ಬಂದು ತನಗೆ ಬೇಕಾದಷ್ಟನ್ನೇ ಒಯ್ಯಲಿ. ಒಯ್ದಷ್ಟನ್ನು ಮಾತ್ರ ಹಿಂದಿನವರು ಮತ್ತೆ ಮಾಡಲಿ. ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ ಗಿರಾಕಿ ಎತ್ತಿಕೊಂಡಷ್ಟು ಸಾಮಾನನ್ನು ಮಾತ್ರ ಕಪಾಟಿಗೆ ಮತ್ತೆ ತುಂಬುವ ಕ್ರಮ ಅವರಿಗೆ ಮಾದರಿ ಎನಿಸಿತ್ತು. ‘ಇಷ್ಟು ಒಯ್ದೆವು’ ಎಂದು ಹಿಂದಕ್ಕೆ ತಿಳಿಸುವ ಚೀಟಿಯೇ ಕಾನ್‌ಬಾನ್.

ಇಷ್ಟರಿಂದಲೇ ಒಂದು ವಿಷಯ ಸ್ಪಷ್ಟ. ಇದು ದಾಸ್ತಾನಿಗೆ ದುಡ್ಡಿಲ್ಲದವರು, ಮಾರಾಟವಾಗದ ಸರಕಿನಿಂದ ಸುಟ್ಟುಕೊಂಡವರು ಕಂಡುಕೊಂಡ ದಾರಿ. ಬೇಡಿಕೆ ಮೀರಿ ಮಾಡುವುದನ್ನು ಓನೊ ಏಳು ಬಗೆಯ ಪೋಲುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಎಂದರು. ಉಳಿದವು: ಕಾಯುವಿಕೆ, ಅನಗತ್ಯ ಸಾಗಣೆ, ಅಗತ್ಯಕ್ಕಿಂತ ಹೆಚ್ಚು ಸಂಸ್ಕರಣೆ, ದಾಸ್ತಾನು, ಕೆಲಸಗಾರನ ಅನಗತ್ಯ ಓಡಾಟ, ದೋಷಪೂರಿತ ಮಾಲು.

ದಾಸ್ತಾನು ಇಳಿಸಿದರೆ ಏನು ಸಿಗುತ್ತದೆ?

ಬಡ್ಡಿ ಉಳಿಯುತ್ತದೆ ಎಂಬುದು ಎಲ್ಲರಿಗೂ ತೋಚುವ ಉತ್ತರ. ಅದು ಸಣ್ಣ ಲಾಭ. ದೊಡ್ಡದು ಬೇರೆಯೇ ಇದೆ, ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ.

ದಿನಕ್ಕೆ ಎರಡು ಶಿಫ್ಟ್‌ಗಳ 16 ಗಂಟೆಯಲ್ಲಿ 400 ಕಾರು ಮಾಡುವ ಕಾರ್ಖಾನೆ ಇದೆ ಎಂದುಕೊಳ್ಳಿ. ಒಂದು ಕಾರಿನ ಸೀಟ್ ಸೆಟ್ ₹20,000. ಹತ್ತು ದಿನದ ಸೀಟು ಕೂಡಿಟ್ಟರೆ ₹8 ಕೋಟಿ ಕಟ್ಟಿಹಾಕಿದಂತೆ. ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ₹96 ಲಕ್ಷ. ಸೀಟ್ ಮಾಡುವ ಘಟಕದಲ್ಲಿ ಒಂದು ವೆಲ್ಡಿಂಗ್ ಯಂತ್ರ ತಪ್ಪಾಗಿ ಕೂತಿತು ಎಂದಿಟ್ಟುಕೊಳ್ಳಿ. ಆ ದೋಷ ಜೋಡಣೆಯ ಹೊತ್ತಿಗೇ ಕಣ್ಣಿಗೆ ಬೀಳುವಂಥದ್ದು. ಹತ್ತು ದಿನದ ದಾಸ್ತಾನು ಇದ್ದರೆ ದೋಷ ಗೊತ್ತಾಗುವಷ್ಟರಲ್ಲಿ 4,000 ಸೆಟ್ ಕೆಟ್ಟಿರುತ್ತವೆ. ಎರಡು ಗಂಟೆಯ ದಾಸ್ತಾನು ಇದ್ದರೆ ಕೆಡುವುದು 50. ಅಷ್ಟೇ ಅಲ್ಲ, ಎರಡು ಗಂಟೆಯ ಹಿಂದೆ ಯಂತ್ರದ ಬಳಿ ಯಾರಿದ್ದರು, ಏನು ಬದಲಾಯಿತು ಎಂಬುದು ಇನ್ನೂ ನೆನಪಿರುತ್ತದೆ. ಹತ್ತು ದಿನದ ಮೇಲೆ ಕಾರಣವನ್ನು ಹುಡುಕಿಯೇ ತೆಗೆಯಬೇಕು. ಕೆರೆಯ ನೀರು ಇಳಿದಾಗ ತಳದ ಬಂಡೆಗಳು ಕಾಣುವಂತೆ ದಾಸ್ತಾನು ಇಳಿದಾಗ ಕಾರ್ಖಾನೆಯ ಹುಳುಕುಗಳು ಕಾಣುತ್ತವೆ ಎಂದು ಈ ಕ್ಷೇತ್ರದವರು ಹೇಳುವುದುಂಟು. ದಾಸ್ತಾನು ಇಳಿಸುವುದು ಇಲ್ಲಿ ಸಾಧನ, ಹುಳುಕು ಸರಿಪಡಿಸುವುದು ಗುರಿ.

ಹುಳುಕು ಕಂಡಾಗ ಏನು ಮಾಡಬೇಕು ಎಂಬುದು ಪದ್ಧತಿಯ ಎರಡನೆಯ ಕಂಬ. ಕಿಇಚಿರೊ ಅವರ ತಂದೆ ಸಾಕಿಚಿ ಟೊಯೋಡಾ ನೂಲು ಕಡಿದ ತಕ್ಷಣ ತಾನಾಗಿ ನಿಲ್ಲುವ ಮಗ್ಗ ರೂಪಿಸಿದವರು. ಅದೇ ತತ್ವ ಕಾರಿನ ಜೋಡಣಾ ಲೈನಿಗೂ ಬಂತು: ತಪ್ಪು ಕಂಡ ಯಾವ ಕೆಲಸಗಾರನೇ ಆಗಲಿ ಹಗ್ಗ ಎಳೆದು ಸಹಾಯಕ್ಕೆ ಕರೆಯಬಹುದು, ಕಾರು ಅವನ ಜಾಗ ದಾಟುವಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ಜತೆಗೆ ಮೂರನೆಯ ಕಂಬವೂ ಇದೆ, ಹೊರಗಿನವರು ಮರೆಯುವುದು ಇದನ್ನೇ. ಜಪಾನಿಯಲ್ಲಿ ಹೆಇಜುಂಕಾ ಎನ್ನುವ ಸಮತೋಲನ. ಕಂಪನಿ ಉತ್ಪಾದನಾ ಯೋಜನೆಯನ್ನು ಮೊದಲೇ ಹೊಂದಿಸಿ, ಮಾದರಿಗಳನ್ನು ದಿನದಿನಕ್ಕೆ ಸಮನಾಗಿ ಹಂಚುತ್ತದೆ. ಸೋಮವಾರ 600, ಮಂಗಳವಾರ 150 ಎಂಬ ಏರಿಳಿತ ಬಾರದಂತೆ ನೋಡಿಕೊಳ್ಳುತ್ತದೆ. ಏರಿಳಿತವಿಲ್ಲದಿದ್ದರೆ ಪೂರೈಕೆದಾರನೂ ದಾಸ್ತಾನಿಲ್ಲದೆ ನಿಭಾಯಿಸಬಲ್ಲ.

ನಕಲಿನಲ್ಲಿ ಉದುರಿಹೋದದ್ದು

‘ಲೀನ್’ ಎಂಬ ಹೆಸರು ಟೊಯೋಟಾ ಇಟ್ಟದ್ದಲ್ಲ. ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಜಾನ್ ಕ್ರಾಫ್ಸಿಕ್ 1988ರ ಲೇಖನವೊಂದರಲ್ಲಿ ಬಳಸಿ ಚಲಾವಣೆಗೆ ತಂದದ್ದು. ಅದಕ್ಕೂ ಮೊದಲು ಅವರು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಮತ್ತು ಟೊಯೋಟಾ ಜಂಟಿಯಾಗಿ ನಡೆಸುತ್ತಿದ್ದ ‘ನುಮ್ಮಿ’ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು.

ನುಮ್ಮಿಯ ಕತೆಯೇ ಒಂದು ಪಾಠ. ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿದ್ದ, ಗೈರುಹಾಜರಿಗೂ ಕಳಪೆ ಕೆಲಸಕ್ಕೂ ಹೆಸರಾಗಿದ್ದ ಕಾರ್ಖಾನೆ ಅದು. 1984ರಲ್ಲಿ ಟೊಯೋಟಾ ಪದ್ಧತಿಯಲ್ಲಿ ಮತ್ತೆ ತೆರೆದಾಗ ಕೆಲಸಗಾರರಲ್ಲಿ ಬಹುಪಾಲು ಹಳಬರೇ, ಕಾರ್ಮಿಕ ಸಂಘವೂ ಅದೇ. ಆದರೂ ಗುಣಮಟ್ಟ ಕೆಲವೇ ವರ್ಷಗಳಲ್ಲಿ ಜಪಾನಿನ ಕಾರ್ಖಾನೆಗಳ ಸಮೀಪಕ್ಕೆ ಬಂತು. ಜನರಲ್ ಮೋಟರ್ಸ್ ತನ್ನ ಮ್ಯಾನೇಜರುಗಳನ್ನು ಅಲ್ಲಿಗೆ ಕಳಿಸಿ ಕಲಿಸಿತು. ಅವರು ವಾಪಸ್ಸು ಹೋಗಿ ಬೇರೆ ಕಾರ್ಖಾನೆಗಳಲ್ಲಿ ಹಗ್ಗ ಕಟ್ಟಿಸಿದರು, ಚೀಟಿ ಹಂಚಿದರು. ಫಲ ಬರಲು ಬಹಳ ಕಾಲ ಹಿಡಿಯಿತು. ಹಗ್ಗ ಎಳೆದವನನ್ನು ಗದರುವ ಮೇಲ್ವಿಚಾರಕ ಇರುವಲ್ಲಿ ಹಗ್ಗ ಯಾರೂ ಎಳೆಯುವುದಿಲ್ಲ.

ಪದ್ಧತಿಯಿಂದ ಹಣಕಾಸು ವಿಭಾಗದ ಕಣ್ಣಿಗೆ ಬಿದ್ದದ್ದು ಬ್ಯಾಲೆನ್ಸ್ ಶೀಟಿನಲ್ಲಿ ನೇರವಾಗಿ ಕಾಣುವ ಒಂದೇ ಅಂಶ: ದಾಸ್ತಾನಿನ ಮೊತ್ತ. ಅದನ್ನು ಇಳಿಸಿದರೆ ಆ ತ್ರೈಮಾಸಿಕದಲ್ಲೇ ನಗದು ಕೈಗೆ ಬರುತ್ತದೆ, ಷೇರುದಾರರು ಮೆಚ್ಚುತ್ತಾರೆ. ಕೆಲಸಗಾರನಿಗೆ ಲೈನ್ ನಿಲ್ಲಿಸುವ ಅಧಿಕಾರ, ಪೂರೈಕೆದಾರನ ಜತೆ ದಶಕಗಳ ಸಂಬಂಧ, ಸಮನಾದ ಯೋಜನೆ ಇವುಗಳ ಫಲ ನಿಧಾನ. ಹಾಗಾಗಿ ಅವು ಹಿಂದುಳಿದವು. ಟೊಯೋಟಾದ ಪೂರೈಕೆದಾರರಲ್ಲಿ ಅನೇಕರು ಜಪಾನಿನ ಐಚಿ ಪ್ರಾಂತ್ಯದಲ್ಲೇ, ಟ್ರಕ್ಕಿನಲ್ಲಿ ಕೆಲವೇ ಗಂಟೆಗಳ ದೂರದಲ್ಲಿದ್ದರು. ಅದನ್ನು ನಕಲು ಮಾಡಿದವರು ಅಗ್ಗದ ಕೂಲಿ ಹುಡುಕಿ ಪೂರೈಕೆದಾರರನ್ನು ಸಮುದ್ರದಾಚೆ ಕಳಿಸಿದರು, ಗೋದಾಮನ್ನೂ ಮುಚ್ಚಿದರು. ಇವೆರಡು ಒಟ್ಟಿಗೆ ಕೂಡವು ಎಂಬುದು 2024ರ ಜನವರಿಯಲ್ಲಿ ಎದ್ದು ಕಂಡಿತು. ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂಥಿ ಬಂಡುಕೋರರ ದಾಳಿಗೆ ಹೆದರಿದ ಹಡಗುಗಳು ಆಫ್ರಿಕಾ ಸುತ್ತಿ ಬರತೊಡಗಿದಾಗ ಬರ್ಲಿನ್ ಬಳಿಯ ಟೆಸ್ಲಾ ಕಾರ್ಖಾನೆ ಸುಮಾರು ಎರಡು ವಾರ, ಬೆಲ್ಜಿಯಂನ ವೋಲ್ವೊ ಮತ್ತು ಹಂಗೆರಿಯ ಸುಜುಕಿ ಕಾರ್ಖಾನೆಗಳು ಕೆಲವು ದಿನ ನಿಲ್ಲಬೇಕಾಯಿತು.

ಬೆಂಕಿಯಿಂದ ಭೂಕಂಪದವರೆಗೆ

ಹಾಗೆಂದು ಅಸಲಿ ಪದ್ಧತಿ ಗಟ್ಟಿ, ನಕಲು ಮಾತ್ರ ಟೊಳ್ಳು ಎಂದು ಕೈತೊಳೆದುಕೊಳ್ಳುವಂತಿಲ್ಲ. ಟೊಯೋಟಾ ಕೂಡ ಪೆಟ್ಟು ತಿಂದಿದೆ.

1997ರ ಫೆಬ್ರುವರಿ 1ರಂದು ಜಪಾನಿನ ಕಾರಿಯಾ ನಗರದಲ್ಲಿನ ಐಸಿನ್ ಸೇಕಿ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕ್ ಒತ್ತಡ ಹಂಚುವ ಪುಟ್ಟ ಪಿ-ವಾಲ್ವ್ ಅಲ್ಲಿ ತಯಾರಾಗುತ್ತಿತ್ತು. ಟೊಯೋಟಾಕ್ಕೆ ಬೇಕಾದುದರಲ್ಲಿ ಶೇ 99ರಷ್ಟು ಅದೊಂದೇ ಕಾರ್ಖಾನೆಯದು, ಕೈಯಲ್ಲಿದ್ದದ್ದು ಕೆಲವು ಗಂಟೆಗಳ ದಾಸ್ತಾನು. ಜಪಾನಿನಲ್ಲಿ ಟೊಯೋಟಾದ ಬಹುಪಾಲು ಲೈನ್‌ಗಳು ನಿಂತವು. ಆಮೇಲೆ ನಡೆದದ್ದನ್ನು ಇಂದಿಗೂ ಅಧ್ಯಯನ ಮಾಡುತ್ತಾರೆ. ಐಸಿನ್ ತನ್ನ ನಕ್ಷೆಗಳನ್ನು ಎಲ್ಲರಿಗೂ ಹಂಚಿತು. ಹೊಲಿಗೆ ಯಂತ್ರ ಮಾಡುವ ಬ್ರದರ್ ಸೇರಿದಂತೆ ಅರವತ್ತಕ್ಕೂ ಹೆಚ್ಚು ಕಂಪನಿಗಳು, ದರದ ಮಾತೇ ಎತ್ತದೆ, ತಮ್ಮಲ್ಲಿದ್ದ ಯಂತ್ರಗಳಲ್ಲಿ ವಾಲ್ವ್ ಕೊರೆಯತೊಡಗಿದವು. ಒಂದು ವಾರದೊಳಗೆ ಲೈನ್‌ಗಳು ಮತ್ತೆ ಓಡಿದವು. ದಾಸ್ತಾನು ಮಾಡಲಾಗದ್ದನ್ನು ಸಂಬಂಧ ಮಾಡಿತು ಎನ್ನಬಹುದು. ಆದರೆ ಒಂದೇ ಕಡೆಯಿಂದ ಕೊಳ್ಳುವ ಅಭ್ಯಾಸದ ಅಪಾಯವೂ ಅಲ್ಲಿ ಬಯಲಾಯಿತು. ಆಪತ್ತು ಒಂದೇ ಕಾರ್ಖಾನೆಗೆ ಬಂದಿತ್ತು, ನೆರವಿಗೆ ಬಂದವರು ಸುರಕ್ಷಿತವಾಗಿದ್ದರು ಎಂಬುದನ್ನೂ ಮರೆಯುವಂತಿಲ್ಲ.

2011ರ ಮಾರ್ಚ್ 11ರ ಭೂಕಂಪ, ಸುನಾಮಿಯಲ್ಲಿ ಹಾಗಾಗಲಿಲ್ಲ. ಇಡೀ ಪ್ರದೇಶವೇ ನೆಲಕಚ್ಚಿತು. ವಾಹನಗಳ ಚಿಪ್ ಮಾಡುವ ರೆನೆಸಾಸ್‌ನ ನಾಕಾ ಘಟಕ ಹಾಳಾಯಿತು. ಚಿಪ್ ಘಟಕವನ್ನು ಪಿ-ವಾಲ್ವ್‌ನಂತೆ ನೆರೆಯವರ ಯಂತ್ರದಲ್ಲಿ ನಡೆಸಲಾಗದು. ಟೊಯೋಟಾ ಸಹಜ ಸ್ಥಿತಿಗೆ ಮರಳಲು ತಿಂಗಳುಗಳೇ ಹಿಡಿದವು. ಆಗ ಕಂಪನಿ ಎರಡು ಕೆಲಸ ಮಾಡಿತು. ಪೂರೈಕೆದಾರರ ಪೂರೈಕೆದಾರರ ತನಕ ಯಾರು, ಎಲ್ಲಿ, ಏನು ಮಾಡುತ್ತಾರೆ ಎಂಬ ಮಾಹಿತಿಕೋಶ ಕಟ್ಟಿತು. ಮತ್ತೆ, ಆರ್ಡರ್ ಕೊಟ್ಟು ಬರಲು ಬಹುಕಾಲ ಹಿಡಿಯುವ ಚಿಪ್‌ಗಳನ್ನು ಎರಡರಿಂದ ಆರು ತಿಂಗಳಿಗಾಗುವಷ್ಟು ಇಟ್ಟುಕೊಳ್ಳುವಂತೆ ಪೂರೈಕೆದಾರರಿಗೆ ಹೇಳಿತು.

ಇಲ್ಲೊಂದು ಸೂಕ್ಷ್ಮವಿದೆ, ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿರುವುದರಿಂದ ತುಸು ನಿಲ್ಲಬೇಕು. ಪೂರೈಕೆದಾರರಿಂದ ಪ್ರತಿವರ್ಷ ಕೇಳುವ ದರ ಕಡಿತದ ಒಂದು ಪಾಲನ್ನು ಟೊಯೋಟಾ ಈ ದಾಸ್ತಾನಿನ ವೆಚ್ಚಕ್ಕೆಂದು ಅವರಿಗೇ ಹಿಂದಿರುಗಿಸುತ್ತದೆ ಎಂದು 2021ರಲ್ಲಿ ವರದಿಯಾಯಿತು. ಅಂದರೆ ಸರಕು ಪೂರೈಕೆದಾರನ ಗೋದಾಮಿನಲ್ಲಿದ್ದರೂ ಖರ್ಚಿನಲ್ಲಿ ಕಾರು ಕಂಪನಿಗೂ ಪಾಲಿದೆ. 2020ರ ವಸಂತದಲ್ಲಿ ಕೋವಿಡ್‌ಗೆ ಹೆದರಿ ಅನೇಕ ಕಾರು ಕಂಪನಿಗಳು ಚಿಪ್ ಆರ್ಡರ್ ರದ್ದು ಮಾಡಿದ್ದವು. ಚಿಪ್ ತಯಾರಕರು ಆ ಸಾಮರ್ಥ್ಯವನ್ನು ಲ್ಯಾಪ್‌ಟಾಪ್, ಫೋನ್ ಕಂಪನಿಗಳಿಗೆ ಕೊಟ್ಟರು. 2021ರ ಆರಂಭದಲ್ಲಿ ಕಾರಿನ ಬೇಡಿಕೆ ಮರಳಿದಾಗ ಇವರು ಸಾಲಿನ ಕೊನೆಯಲ್ಲಿದ್ದರು. ಟೊಯೋಟಾ ಮಾತ್ರ ಕೆಲವು ತಿಂಗಳು ನಿರಾಳವಾಗಿತ್ತು. ಆದರೆ ಕೆಲವು ತಿಂಗಳು ಮಾತ್ರ: ಆಗ್ನೇಯ ಏಷ್ಯಾದಲ್ಲಿ ಸೋಂಕು ಹರಡಿದಾಗ ಅದು ಕೂಡ 2021ರ ಸೆಪ್ಟೆಂಬರ್ ಉತ್ಪಾದನೆಯನ್ನು ಶೇ 40ರಷ್ಟು ಕಡಿತಗೊಳಿಸಿತು.

ತುಂಬಿಟ್ಟುಕೊಂಡರೆ ಮುಗಿಯಿತೇ?

‘ಇರಲಿ, ಎಲ್ಲವನ್ನೂ ಹೆಚ್ಚಾಗಿಯೇ ಇಟ್ಟುಕೊಳ್ಳೋಣ’ ಎಂಬ ಪಕ್ಷದವರು ಇದಕ್ಕೆ ‘ಜಸ್ಟ್ ಇನ್ ಕೇಸ್’ ಎನ್ನುತ್ತಾರೆ. ಅವರ ವಾದದಲ್ಲಿ ಹುರುಳಿದೆ: ಬಡ್ಡಿಗೆ ಹೋಗುವುದು ಗೊತ್ತಿರುವ ಸಣ್ಣ ಖರ್ಚು, ಕಾರ್ಖಾನೆ ನಿಂತರೆ ಆಗುವುದು ಗೊತ್ತಿಲ್ಲದ ದೊಡ್ಡ ನಷ್ಟ. ಹಿಂದೆ ಇಂಥ ನಷ್ಟ ಅಪರೂಪ ಎನಿಸಿತ್ತು. ಈಗ ಸುಂಕ, ರಫ್ತು ನಿರ್ಬಂಧ, ಸೈಬರ್ ದಾಳಿ ಸೇರಿ ವರ್ಷಕ್ಕೊಂದಾದರೂ ಬರುತ್ತಿದೆ.

ಆದರೆ ತುಂಬಿಡುವುದಕ್ಕೂ ತನ್ನದೇ ಆದ ಅನಾಹುತವಿದೆ. ಕೊರತೆಯ ಭಯದಲ್ಲಿ ಅಂಗಡಿಯವ ಹತ್ತರ ಜಾಗದಲ್ಲಿ ಹದಿನೈದು ತರಿಸುತ್ತಾನೆ, ಅದನ್ನು ಕಂಡ ವಿತರಕ ಇಪ್ಪತ್ತೈದು ಕೇಳುತ್ತಾನೆ, ತಯಾರಕ ನಲವತ್ತಕ್ಕೆ ಯಂತ್ರ ಹಾಕುತ್ತಾನೆ. ಗಿರಾಕಿ ಕೊಳ್ಳುವುದು ಮಾತ್ರ ಮೊದಲಿನಂತೆ ಹತ್ತೇ. 2021ರಲ್ಲಿ ಸರಕಿಲ್ಲದೆ ಪರದಾಡಿದ್ದ ಅಮೆರಿಕದ ಟಾರ್ಗೆಟ್ ಮಳಿಗೆಗಳು 2022ರ ಜೂನ್‌ನಲ್ಲಿ ರಾಶಿ ಬಿದ್ದ ಸರಕನ್ನು ದರ ಇಳಿಸಿ ಹೊರಹಾಕಬೇಕಾಯಿತು.

ದಾಸ್ತಾನು ಕಾಪಾಡುವುದು ಅಲ್ಪಾವಧಿಯ ತಡೆಯಿಂದ ಮಾತ್ರ ಎಂಬುದೂ ಸತ್ಯ. ಚೀನಾ 2025ರ ಏಪ್ರಿಲ್ 4ರಂದು ಏಳು ವಿರಳ ಭೂಖನಿಜಗಳಿಗೂ ಅವುಗಳಿಂದಾದ ಆಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ವಾಹನಗಳ ಹಲವು ಬಗೆಯ ಮೋಟರುಗಳಿಗೆ ಇವು ಬೇಕು. ಷಿಕಾಗೊದ ಫೋರ್ಡ್ ಕಾರ್ಖಾನೆ ಮೇ ತಿಂಗಳಲ್ಲಿ ಒಂದು ವಾರ ನಿಂತಿತು, ನಮ್ಮಲ್ಲಿ ಬಜಾಜ್ ಆಟೊ ತನ್ನ ವಿದ್ಯುತ್ ಸ್ಕೂಟರ್ ಉತ್ಪಾದನೆ ಕುಸಿಯಲಿದೆ ಎಂದು ಎಚ್ಚರಿಸಿತು. ಒಂದು ತಿಂಗಳ ದಾಸ್ತಾನು ಇದ್ದವರು ಒಂದು ತಿಂಗಳು ತಡವಾಗಿ ನಿಲ್ಲುತ್ತಿದ್ದರು, ಅಷ್ಟೇ. ಇಂಥ ಕಡೆ ಬೇಕಾದದ್ದು ಇನ್ನೊಂದು ಮೂಲ. ಗೋದಾಮು ಆ ಮೂಲ ಹುಡುಕಲು ಸ್ವಲ್ಪ ಸಮಯ ಕೊಡಬಹುದು.

ಹೀಗಾಗಿ ಎರಡು ಪಕ್ಷಗಳ ಜಗಳದಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಯಾವ ವಸ್ತುವನ್ನು, ಎಷ್ಟು ದಿನಕ್ಕೆ, ಯಾರ ದುಡ್ಡಿನಲ್ಲಿ ಇಡಬೇಕು ಎಂಬುದೇ ಇಲ್ಲಿ ನಿಜವಾದ ತಕರಾರು. ಕೊನೆಯ ಪ್ರಶ್ನೆಯನ್ನು ಚರ್ಚೆ ಬೇಕೆಂದೇ ಬಿಟ್ಟುಬಿಡುತ್ತದೆ.

ದಾಸ್ತಾನು ಮಾಯವಾಗಲಿಲ್ಲ, ಜಾಗ ಬದಲಿಸಿತು

ದೊಡ್ಡ ಕಂಪನಿ ‘ನಮ್ಮಲ್ಲಿ ನಾಲ್ಕು ಗಂಟೆಯ ಸ್ಟಾಕ್ ಮಾತ್ರ’ ಎಂದು ಹೆಮ್ಮೆಯಿಂದ ಹೇಳುವಾಗ ಅದರ ಗೇಟಿನ ಹೊರಗೆ ನೋಡಬೇಕು. ಯೋಜನೆ ಸಮನಾಗಿದ್ದರೆ ಪೂರೈಕೆದಾರನಲ್ಲೂ ಸ್ಟಾಕ್ ಕಡಿಮೆ ಇರುತ್ತದೆ. ಕಂಪನಿಯ ವೇಳಾಪಟ್ಟಿ ದಿನಕ್ಕೊಂದು ಬಗೆಯಾಗಿದ್ದು, ‘ಬೆಳಿಗ್ಗೆ ಹೇಳಿದರೆ ಸಂಜೆ ಬರಬೇಕು, ತಡವಾದರೆ ದಂಡ’ ಎಂಬ ಷರತ್ತು ಇದ್ದರೆ ಪೂರೈಕೆದಾರನಿಗೆ ಉಳಿಯುವ ದಾರಿ ಒಂದೇ: ಎಲ್ಲ ಮಾದರಿಗಳನ್ನೂ ಮೊದಲೇ ಮಾಡಿ ತನ್ನ ಶೆಡ್ಡಿನಲ್ಲಿ ಪೇರಿಸಿಡುವುದು. ಕಂಪನಿಯ ಪುಸ್ತಕದಿಂದ ಹೋದ ದಾಸ್ತಾನು ಇವನ ಪುಸ್ತಕಕ್ಕೆ ಬಂತು. ದೊಡ್ಡವರಿಗೆ ಬ್ಯಾಂಕ್ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ, ಸಣ್ಣವರಿಗೆ ಹೆಚ್ಚು ಬಡ್ಡಿ. ಹಾಗಾಗಿ ಒಟ್ಟಾರೆ ವೆಚ್ಚ ಇಳಿಯುವ ಬದಲು ಏರಿತು, ಏರಿದ್ದು ಯಾರಿಗೂ ಕಾಣಲಿಲ್ಲ.

ಪೀಣ್ಯ, ಬೊಮ್ಮಸಂದ್ರದಂಥ ಕಡೆ ಬಿಡಿಭಾಗ ಮಾಡುವ ಒಂದು ಸಣ್ಣ ಘಟಕದ ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗೆ ಮಾತ್ರ. ತಿಂಗಳ ಮಾರಾಟ ₹60 ಲಕ್ಷ. 20 ದಿನದ ಸಿದ್ಧಮಾಲು ಶೆಡ್ಡಿನಲ್ಲಿದೆ; ಸರಳವಾಗಲೆಂದು ಮಾರಾಟ ಬೆಲೆಯಲ್ಲೇ ಹಿಡಿದರೆ ₹40 ಲಕ್ಷ. ಬಿಲ್ಲಿನ ಹಣ ಬರುವುದು 90 ದಿನಕ್ಕೆ, ಅಂದರೆ ₹1.8 ಕೋಟಿ ಹೊರಗೆ ನಿಂತಿದೆ. ಒಟ್ಟು ₹2.2 ಕೋಟಿಗೆ ಶೇ 12ರಂತೆ ಬಡ್ಡಿ ವರ್ಷಕ್ಕೆ ₹26.4 ಲಕ್ಷ. ಹಣ 45 ದಿನಕ್ಕೆ ಬಂದು, ಸ್ಟಾಕ್ 5 ದಿನಕ್ಕೆ ಇಳಿದರೆ ಕಟ್ಟಿಹೋಗುವ ಮೊತ್ತ ₹1 ಕೋಟಿ, ಬಡ್ಡಿ ₹12 ಲಕ್ಷ. ಉಳಿಯುವ ₹14.4 ಲಕ್ಷದಲ್ಲಿ ಸ್ಟಾಕ್ ಇಳಿಸಿದ್ದರಿಂದ ಬಂದದ್ದು ₹3.6 ಲಕ್ಷ, ಹಣ ಬೇಗ ಬಂದದ್ದರಿಂದ ₹10.8 ಲಕ್ಷ. ಲೀನ್ ಸಲಹೆಗಾರರು ನೆಲಕ್ಕೆ ಹಳದಿ ಗೆರೆ ಎಳೆಸಿ, ಸ್ಪ್ಯಾನರುಗಳಿಗೆ ಗೋಡೆಯಲ್ಲಿ ಜಾಗ ಮಾಡಿಸುವುದು ಒಳ್ಳೆಯದೇ. ಆದರೆ ಈ ಲೆಕ್ಕದಲ್ಲಿ ಮುಕ್ಕಾಲು ಪಾಲು ಸಣ್ಣ ಘಟಕದ ಒಳಗಿಲ್ಲ, ಗಿರಾಕಿಯ ಅಕೌಂಟ್ಸ್ ವಿಭಾಗದಲ್ಲಿದೆ.

ಕಾನೂನು ಇಲ್ಲವೆಂದಲ್ಲ. 2006ರ ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಚಕ್ರಬಡ್ಡಿ. ನಿಯಮ ಇದ್ದರೂ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಕಳೆದುಕೊಳ್ಳುವ ಧೈರ್ಯ ಯಾರಿಗಿದೆ? ಆದ್ದರಿಂದ 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾಯ್ದೆಯಲ್ಲಿ ಬದಲಾವಣೆ ಬಂತು. ಅತಿಸಣ್ಣ, ಸಣ್ಣ ಉದ್ದಿಮೆಗಳಿಗೆ ಗಡುವಿನೊಳಗೆ ಹಣ ಕೊಡದವರು ಆ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಮಧ್ಯಮ ಉದ್ದಿಮೆಗಳಿಗೆ ಇದು ಅನ್ವಯಿಸದು. ಜಪಾನ್ 1956ರಷ್ಟು ಹಿಂದೆಯೇ ಉಪಗುತ್ತಿಗೆದಾರರ ಹಣ ತಡವಾಗದಂತೆ ಕಾಯ್ದೆ ಮಾಡಿತ್ತು; 60 ದಿನದ ಗಡುವು ಅದಕ್ಕೆ ಮುಂದೆ ಸೇರಿತು. ಕಾನ್‌ಬಾನ್ ಬಗ್ಗೆ ಇಷ್ಟು ಪಾಠ ಹೇಳುವವರು ಈ ಕಾಯ್ದೆಯ ಹೆಸರೆತ್ತುವುದು ಅಪರೂಪ.

ಲೈನ್ ನಿಂತಾಗಲೂ ಮೊದಲು ಬೀಳುವವರು ಇವರೇ. ಟಾಟಾ ಸಮೂಹದ ಜಾಗ್ವಾರ್ ಲ್ಯಾಂಡ್ ರೋವರ್‌ಗೆ 2025ರ ಆಗಸ್ಟ್ ಕೊನೆಯಲ್ಲಿ ಸೈಬರ್ ದಾಳಿಯಾಗಿ ಸೆಪ್ಟೆಂಬರ್ ಇಡೀ ತಿಂಗಳು ಬ್ರಿಟನ್ನಿನ ಕಾರ್ಖಾನೆಗಳು ನಿಂತಿದ್ದವು. ಅಲ್ಲಿ ಬಿಡಿಭಾಗಕ್ಕೆ ಕೊರತೆ ಇರಲಿಲ್ಲ. ಕೊಡಲು ಸಿದ್ಧವಿದ್ದ ಸರಕನ್ನು ತೆಗೆದುಕೊಳ್ಳುವವರೇ ಇಲ್ಲದೆ ಸಣ್ಣ ಪೂರೈಕೆದಾರರು ಸಂಬಳ ಕೊಡಲು ಪರದಾಡಿದರು. ಬ್ರಿಟಿಷ್ ಸರ್ಕಾರ 150 ಕೋಟಿ ಪೌಂಡ್ ಸಾಲಕ್ಕೆ ಖಾತರಿ ನಿಂತಿತು. ದೇಶದ ಆರ್ಥಿಕತೆಗೆ ಸುಮಾರು 190 ಕೋಟಿ ಪೌಂಡ್ ಪೆಟ್ಟು ಬಿತ್ತು, 5,000ಕ್ಕೂ ಹೆಚ್ಚು ಸಂಸ್ಥೆಗಳು ಬಾಧಿತವಾದವು ಎಂದು ಅಲ್ಲಿನ ಸೈಬರ್ ನಿಗಾ ಸಂಸ್ಥೆ ಅಂದಾಜಿಸಿತು. ಜೋಡಣೆಗಾರನ ಮೇಲೆ ಪೂರೈಕೆದಾರನ ಅವಲಂಬನೆ ಎಷ್ಟು ಎಂಬುದು ಇದರಿಂದ ಗೊತ್ತಾಗುತ್ತದೆ.

ಕೆಲಸಗಾರನ ಮೈಮೇಲೆ ಬೀಳುವ ಪಾಲೂ ಇದೆ. ಲೈನಿನಲ್ಲಿ ಬಿಡುವಿಲ್ಲದಿದ್ದರೆ ಮನುಷ್ಯನಿಗೂ ಬಿಡುವಿಲ್ಲ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ನಡೆದ ಮುಷ್ಕರ, ಬೀಗಮುದ್ರೆಯ ವೇಳೆ ಕಾರ್ಮಿಕ ಸಂಘದ ದೂರುಗಳಲ್ಲಿ ಕೆಲಸದ ಒತ್ತಡವೂ ಒಂದಾಗಿತ್ತು. ಆಡಳಿತ ಮಂಡಳಿ ಧರಣಿಯೇ ಅಕ್ರಮ ಎಂದಿತ್ತು. ಜಪಾನಿನಲ್ಲಿ ಟ್ರಕ್ ಚಾಲಕರ ಓವರ್‌ಟೈಮ್‌ಗೆ 2024ರ ಏಪ್ರಿಲ್‌ನಿಂದ ವರ್ಷಕ್ಕೆ 960 ಗಂಟೆಯ ಮಿತಿ ಹಾಕಲಾಗಿದೆ. ದಿನಕ್ಕೆ ಹತ್ತಾರು ಬಾರಿ ಸ್ವಲ್ಪ ಸ್ವಲ್ಪವೇ ತಂದಿಳಿಸುವ ಕ್ರಮ ಆ ಚಾಲಕರ ದುಡಿಮೆಯ ಮೇಲೆಯೇ ನಿಂತಿತ್ತು.

ಮುಂದೆ ಏನಾಗಬಹುದು?

ಪದ್ಧತಿ ಸಾಯುವ ಲಕ್ಷಣವಿಲ್ಲ. ಸೀಟು, ಟಯರು, ಬಂಪರಿನಂಥ ದೊಡ್ಡ ಗಾತ್ರದ, ಬಣ್ಣ ಮತ್ತು ಮಾದರಿ ಹಲವಿರುವ, ಹತ್ತಿರದಲ್ಲೇ ತಯಾರಾಗುವ ವಸ್ತುಗಳು ಗಂಟೆಗಳ ಲೆಕ್ಕದಲ್ಲೇ ಬರುತ್ತವೆ; ಅವನ್ನು ತಿಂಗಳಿಗಾಗುವಷ್ಟು ಇಡಲು ಯಾರ ಬಳಿಯೂ ಜಾಗವಿಲ್ಲ. ಚಿಪ್, ಆಯಸ್ಕಾಂತದಂಥ ಪುಟ್ಟ, ದೂರದಿಂದ ಬರುವ, ಬದಲಿ ಸಿಗದ ವಸ್ತುಗಳು ತಿಂಗಳುಗಳ ಲೆಕ್ಕಕ್ಕೆ ಹೋಗುತ್ತವೆ. ಎರಡನೆಯ ಪೂರೈಕೆದಾರನನ್ನು ಮೊದಲೇ ಪರೀಕ್ಷಿಸಿ ಒಪ್ಪಿಕೊಂಡಿರುವುದು ರೂಢಿಯಾಗಲಿದೆ. ಅದರ ಖರ್ಚು ವಾಹನದ ಬೆಲೆಯಲ್ಲಿ ಸ್ವಲ್ಪವಾದರೂ ಕಾಣಿಸಿಕೊಳ್ಳುತ್ತದೆ. ನಿಮ್ಮ ಬಿಡಿಭಾಗದೊಳಗಿನ ಪ್ರತಿ ಚಿಪ್ ಎಲ್ಲಿಂದ ಬಂತು ಎಂದು ಕೇಳುವ ಪ್ರಶ್ನಾವಳಿಗಳು ಸಣ್ಣ ಘಟಕಗಳ ಮೇಜಿಗೂ ಬರುತ್ತವೆ, ಅವನ್ನು ತುಂಬಲು ಒಬ್ಬ ನೌಕರನೇ ಬೇಕಾದೀತು.

ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಗಮನಿಸಬೇಕಾದ್ದು ಒಪ್ಪಂದಪತ್ರದ ಸಣ್ಣ ಅಕ್ಷರಗಳನ್ನು. ‘ಮೂರು ತಿಂಗಳ ಸುರಕ್ಷಾ ದಾಸ್ತಾನು ಕಾಯ್ದುಕೊಳ್ಳತಕ್ಕದ್ದು’ ಎಂಬ ಹೊಸ ಷರತ್ತು ಬಂದು, ಅದರ ಪಕ್ಕದಲ್ಲಿ ದರ ಏರಿಕೆಯಾಗಲಿ ಮುಂಗಡವಾಗಲಿ ಇಲ್ಲದಿದ್ದರೆ, ₹60 ಲಕ್ಷದ ಆ ಘಟಕಕ್ಕೆ ಇನ್ನೂ ₹1.8 ಕೋಟಿ ಬಂಡವಾಳ ಬೇಕು. ಕಂಪನಿ ಮಾದರಿಯನ್ನೇ ಬದಲಿಸಿದರೆ ಆ ಸರಕು ಗುಜರಿಗೆ. ಮಾದರಿ ಬದಲಾದಾಗ ಉಳಿದ ಸುರಕ್ಷಾ ದಾಸ್ತಾನನ್ನು ಗಿರಾಕಿಯೇ ಕೊಳ್ಳಬೇಕು ಎಂಬ ಒಂದು ಸಾಲು ಒಪ್ಪಂದದಲ್ಲಿ ಇದೆಯೇ, ಇಲ್ಲವೇ ಎಂಬುದರ ಮೇಲೆ ಎಷ್ಟೋ ಶೆಡ್ಡುಗಳ ಹಣೆಬರಹ ನಿಂತಿರುತ್ತದೆ. ಲೀನ್ ಯೋಜನೆಯ ಮೂರು ಹಂತಗಳಲ್ಲಿ ಕಲಿಸುವುದು ಅಂಗಳ ಒಪ್ಪ ಮಾಡುವುದರಿಂದ ಹಿಡಿದು ಕಾನ್‌ಬಾನ್‌ವರೆಗಿನ ಘಟಕದೊಳಗಿನ ಕೆಲಸವನ್ನು. ಬಿಲ್ಲಿನ ಹಣ ಎಷ್ಟು ದಿನಕ್ಕೆ ಬರುತ್ತಿದೆ, ಗಿರಾಕಿಯ ವೇಳಾಪಟ್ಟಿ ವಾರಕ್ಕೆ ಎಷ್ಟು ಸಲ ಬದಲಾಗುತ್ತಿದೆ ಎಂಬ ಎರಡು ಕಾಲಂಗಳನ್ನೂ ಅದರ ಮೌಲ್ಯಮಾಪನಕ್ಕೆ ಸೇರಿಸಿ, ದೊಡ್ಡ ಗಿರಾಕಿಗಳಿಂದ ಉತ್ತರ ಕೇಳಲು ಕೇಂದ್ರ ಸಚಿವಾಲಯಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ.